ರೇಡಿಯೇಷನ್ ನಡೆಯುವಾಗ ನೋವಿನ ಮಾತ್ರೆ: ನುಂಗುವ ಮೊದಲು

ಕ್ಯಾನ್ಸರ್‌ಗೆ ರೇಡಿಯೇಷನ್ (ಕಿರಣ ಚಿಕಿತ್ಸೆ) ಶುರುವಾಗಿ ಮೈಕೈ ನೋವು ಬಂದರೆ ಕೈ ಮೊದಲು ಹೋಗುವುದು ಮಾತ್ರೆ ಡಬ್ಬಿಗೆ, ಅಲ್ವಾ? ಸ್ವಲ್ಪ ತಡೆಯಿರಿ. ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಎಂದಿದ್ದರೆ ಅದು ಉರಿಯೂತ ತಗ್ಗಿಸುವ ಮಾತ್ರೆ. ಡೆಕ್ಸಾಮೆಥಸೋನ್, ಪ್ರೆಡ್ನಿಸೋಲೋನ್ ಎಂದಿದ್ದರೆ ಸ್ಟೀರಾಯ್ಡ್. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಕೆಲವು ನೆಗಡಿ ಮಾತ್ರೆಗಳಲ್ಲೂ ಐಬುಪ್ರೊಫೆನ್ ಅಡಗಿ ಕೂತಿರುತ್ತದೆ.

ಇಷ್ಟು ತಲೆಬಿಸಿ ಯಾಕೆ ಅಂದ್ರೆ, ಕಿರಣ ಬಿದ್ದ ಕ್ಯಾನ್ಸರ್ ಕೋಶ ಸುಮ್ನೆ ಸಾಯುವುದಿಲ್ಲ. ಒಡೆದ ಡಿಎನ್ಎ ಚೂರುಗಳು ಒಳಗೇ ಗಂಟೆ ಬಾರಿಸುತ್ತವೆ, ರೋಗನಿರೋಧಕ ಪಡೆಯನ್ನು ಎಚ್ಚರಿಸುವ ಇಂಟರ್‌ಫೆರಾನ್ ಹೊರಬರುತ್ತದೆ, ಆ ಪಡೆಯ ಕಾವಲುಗಾರರಾದ ಡೆಂಡ್ರಿಟಿಕ್ ಕೋಶಗಳು ಗೆಡ್ಡೆಯ ತುಣುಕನ್ನು ಲಿಂಫ್ ಗ್ರಂಥಿಗೆ ಹೊತ್ತುಕೊಂಡು ಹೋಗಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಟಿ ಕೋಶಗಳಿಗೆ ‘ಇವನೇ ಕಳ್ಳ’ ಎಂದು ತೋರಿಸುತ್ತವೆ. ಅಪರೂಪಕ್ಕೆ ಕಿರಣವೇ ಬೀಳದ ಜಾಗದ ಗೆಡ್ಡೆಯೂ ಕುಗ್ಗುವುದುಂಟು. ದೂರದ ಇಂಥ ಪರಿಣಾಮಕ್ಕೆ 1953ರಲ್ಲಿ ವಿಜ್ಞಾನಿ ಆರ್. ಎಚ್. ಮೋಲ್ ‘ಆಬ್‌ಸ್ಕೋಪಲ್’ ಎಂದು ಹೆಸರಿಟ್ಟರು.

ಆದರೆ ಅದೇ ಸಾಯುವ ಕೋಶಗಳು ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ಉರಿಯೂತದ ರಾಸಾಯನಿಕವನ್ನೂ ಸುರಿಯುತ್ತವೆ. ಅದು ಟಿ ಕೋಶಗಳನ್ನು ಮಂಕಾಗಿಸುತ್ತದೆ, ಉಳಿದ ಕ್ಯಾನ್ಸರ್ ಕೋಶಗಳಿಗೆ ಬೆಳೆಯಲು ಕುಮ್ಮಕ್ಕು ಕೊಡುತ್ತದೆ. ಐಬುಪ್ರೊಫೆನ್ ತಡೆಯುವುದು ಇದು ತಯಾರಾಗುವುದನ್ನೇ. ಹಾಗಾದರೆ ಒಳ್ಳೆಯದೇ ಆಯ್ತಲ್ಲ ಅನ್ನಿಸಬಹುದು. ಇಲಿಗಳಲ್ಲಿ ಆಸೆ ಹುಟ್ಟಿಸುವ ಫಲಿತಾಂಶ ಸಿಕ್ಕಿದೆ ನಿಜ, ಮನುಷ್ಯರಲ್ಲಿ ಅಷ್ಟು ಸ್ಪಷ್ಟವಾಗಿ ಸಿಕ್ಕಿಲ್ಲ. ಆ ಆಸೆಗೆ ಬಿದ್ದು ನೀವೇ ನುಂಗಲು ಹೋಗಬೇಡಿ. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಜೊತೆಗಿದ್ದರೆ ಕಿಡ್ನಿಗೆ ಎರಡು ಕಡೆಯಿಂದ ಪೆಟ್ಟು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಮ್ಮಿಯಿದ್ದರೆ ರಕ್ತಸ್ರಾವದ ಭಯ ಬೇರೆ.

ಸ್ಟೀರಾಯ್ಡ್ ಕಥೆಯೇ ಬೇರೆ. ಅದು ಲಿಂಫೋಸೈಟ್‌ಗಳನ್ನೇ (ಟಿ ಕೋಶಗಳೂ ಸೇರಿದ ಬಿಳಿ ರಕ್ತಕಣಗಳು) ಅಡಗಿಸುತ್ತದೆ, ಕಿರಣ ಬಿದ್ದರೆ ತೀರಾ ಸುಲಭವಾಗಿ ಸಾಯುವ ಕೋಶಗಳೂ ಅವೇ. ಇಮ್ಯುನೋಥೆರಪಿಯೂ (ರೋಗನಿರೋಧಕ ಪಡೆಯನ್ನು ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ) ನಡೆಯುತ್ತಿದ್ದರೆ ‘ಸ್ಟೀರಾಯ್ಡ್ ಡೋಸ್ ಇಳಿಸಬಹುದಾ?’ ಎಂದು ಡಾಕ್ಟರನ್ನು ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಮಿದುಳು ಊದಿಕೊಂಡಾಗ ಅದೇ ಜೀವ ಉಳಿಸುತ್ತದೆ. ರೋಗನಿರೋಧಕ ಶಕ್ತಿ ಕುಗ್ಗುತ್ತದೆ ಎಂದು ಎಲ್ಲೋ ಓದಿ ಒಮ್ಮೆಲೇ ನಿಲ್ಲಿಸಿದರೆ ಅಪಾಯ. ವಾರಗಟ್ಟಲೆ ತೆಗೆದುಕೊಂಡವರಲ್ಲಿ ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ನಿದ್ದೆ ಹೋಗಿರುತ್ತದೆ, ಅದು ಏಳಲು ಸಮಯ ಬೇಕು.

ಇನ್ನೊಂದು, ಮೈ ಬಿಸಿ ಅನ್ನಿಸಿದರೆ ಮೊದಲು ಥರ್ಮಾಮೀಟರ್, ಆಮೇಲೆ ಮಾತ್ರೆ. ಪ್ಯಾರಾಸಿಟಮಾಲ್ ಆದರೂ ಸರಿ, ಜ್ವರವನ್ನು ಮುಚ್ಚಿಡುತ್ತದೆ. 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಅದರಲ್ಲೂ ಕೀಮೋ ಜೊತೆಗಿದ್ದರೆ, ರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ. ಬಾಯಿ ಹುಣ್ಣಿಗೆ ಬೆಂಜಿಡಮೈನ್ ಮೌತ್‌ವಾಶ್ ಆಗುತ್ತದಾ ಎಂದು ಕೇಳಿ ನೋಡಿ. ಹೃದಯಕ್ಕೆಂದು ಆಸ್ಪಿರಿನ್ ಬರೆದುಕೊಟ್ಟಿದ್ದರೆ ಹೇಳದೆ ಬಿಡಬೇಡಿ. ಮುಂದಿನ ಸಲ ಹೋಗುವಾಗ ಮುಲಾಮು ಸೇರಿ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿದುಬಿಡಿ.