ರ‍್ಯಾಂಕ್ ಸರಿಯಾದ ಬಗೆ: ನನ್ನ ಅನುಭವ

ಕನ್ನಡದ ಬಗ್ (ತಂತ್ರಾಂಶದ ದೋಷ) ಎಂದರೆ ಯಾರೂ ತಿರುಗಿ ನೋಡಲ್ಲ ಎಂದು ಗೆಳೆಯರು ಹೇಳುತ್ತಲೇ ಇದ್ದರು. ಕಳೆದ ತಿಂಗಳು ನನ್ನ ಪ್ಯಾಚ್ (ತಿದ್ದಿದ ಕೋಡಿನ ತುಣುಕು) ಮರ್ಜ್ ಆಯಿತು, ಅಂದರೆ ಮೂಲ ಕೋಡಿಗೆ ಸೇರಿತು.

ಒಂದು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಪಠ್ಯ ಎಡಿಟರ್, ಹೆಸರು ಬೇಡ. ಅದರಲ್ಲಿ ರ‍್ಯಾಂಕ್ ಎಂದು ಬರೆದು ಸೇವ್ ಮಾಡಿ ಮತ್ತೆ ತೆರೆದರೆ ರ್ಯಾಂಕ್ ಆಗಿರುತ್ತಿತ್ತು. ನಡುವಿನ ಝಡ್‌ಡಬ್ಲ್ಯೂಜೆ, ಅಂದರೆ ಅಕ್ಷರಗಳು ಹೇಗೆ ಕೂಡಬೇಕು ಎಂದು ಹೇಳುವ ಕಾಣದ ಗುರುತು, ಮಾಯ. ಹಳೆಯ ರಿಪೋರ್ಟ್ ಒಂದಿತ್ತು, ಅದರಡಿ 'ನನಗೂ ಹೀಗೇ' ಎನ್ನುವ ಸಾಲುಗಳು, ಆಮೇಲೆ ಬೈಗುಳ, ಕೊನೆಗೆ 'ಫಾಂಟ್ ತೊಂದರೆ' ಎಂದು ಮುಚ್ಚಿದ್ದರು. ಗೆಳೆಯನೊಬ್ಬ ಅರ್ಧ ಕೋಡನ್ನೇ ತಿರುಗಿಸಿ ಬರೆದು ಕಳಿಸಿದ್ದ, ಮೂರು ತಿಂಗಳಾದರೂ ಉತ್ತರವಿಲ್ಲ. ನಾನು ಡಾಕ್ಸ್‌ನ (ಬಳಕೆಯ ವಿವರಣೆಯ) ಕಾಗುಣಿತ ತಿದ್ದಿ ಕಳಿಸಿದ್ದೆಲ್ಲ ಮರ್ಜ್ ಆಯಿತು, ಆದರೆ ಅದರಿಂದ ಯಾರಿಗೂ ನನ್ನ ಗುರುತು ಸಿಗಲಿಲ್ಲ.

ಫಲ ಕೊಟ್ಟದ್ದು ಬೇರೆ ಕೆಲಸ. ಸುಮಾರು ಎರಡು ತಿಂಗಳು ಬೇರೆಯವರ ಹಳೆಯ ರಿಪೋರ್ಟ್‌ಗಳನ್ನು ಹೊಸ ಆವೃತ್ತಿಯಲ್ಲಿ ನಡೆಸಿ ನೋಡಿ, ಇದು ಈಗಲೂ ಇದೆ, ಇದು ಹೋಗಿದೆ, ಇದೂ ಅದೂ ಒಂದೇ ಎಂದು ಬರೆದೆ. ನಿರ್ವಹಿಸುವವರು ಎರಡೋ ಮೂರೋ ಜನ, ಸಂಬಳವಿಲ್ಲದೆ ರಾತ್ರಿ ಕೂತು ಮಾಡುವವರು. ಅವರ ಹೊರೆ ಇಳಿಸಿದವನ ಮಾತನ್ನು ಅವರು ಓದುತ್ತಾರೆ, ಅಲ್ವಾ?

ಖರ್ಚೂ ಆಯಿತು. 4 ಜಿಬಿ ರ‍್ಯಾಮ್‌ನಲ್ಲಿ ಬಿಲ್ಡ್ (ಕೋಡಿನಿಂದ ಎಡಿಟರನ್ನು ಕಟ್ಟುವ ಕೆಲಸ) ಅರ್ಧಕ್ಕೇ ನಿಲ್ಲುತ್ತಿತ್ತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯ 8 ಜಿಬಿ ಕಡ್ಡಿ ತಂದೆ, ಸಾವಿರದ ಎಂಟುನೂರು ಇರಬೇಕು. ಕೋಡ್ ಪೂರ್ತಿ ಇಳಿಸಿಕೊಳ್ಳಲು (ಕ್ಲೋನ್) ಮೊಬೈಲ್ ಡೇಟಾ ಬೇರೆ ಸುಟ್ಟಿತು. ಹಿಂದಿನ ಬಿಲ್ಡ್ ಕೆಲಸವನ್ನು ಉಳಿಸಿಟ್ಟು ಮತ್ತೆ ಬಳಸುವ ಸಿಕ್ಯಾಶ್ ಹಾಕಿದ ಮೇಲೆ ಎರಡನೆಯ ಬಿಲ್ಡ್‌ನಿಂದ ಆಚೆಗೆ ಜೀವ ಬಂತು.

ಆಮೇಲೆ ಹೊಸ ರಿಪೋರ್ಟ್. ಓದುವವರಿಗೆ ಕನ್ನಡ ಬಾರದು, ಹಾಗಾಗಿ ನಾಲ್ಕೇ ಕೋಡ್‌ಪಾಯಿಂಟ್ (ಪ್ರತಿ ಅಕ್ಷರಕ್ಕೆ ಯುನಿಕೋಡ್ ಕೊಟ್ಟ ಸಂಖ್ಯೆ) ಕೊಟ್ಟೆ: ರ, ಝಡ್‌ಡಬ್ಲ್ಯೂಜೆ, ಹಲಂತ, ಯ. ಪಕ್ಕದಲ್ಲಿ ಆಗಬೇಕಾದ ಚಿತ್ರ, ಆಗುತ್ತಿರುವ ಚಿತ್ರ. ಅದೇ ಫಾಂಟಿನಲ್ಲಿ, ಅಕ್ಷರ ಜೋಡಿಸಿ ಚಿತ್ರವಾಗಿ ತೋರಿಸುವ ಸಾಧನ ಎಚ್‌ಬಿ-ವ್ಯೂ ಸರಿಯಾಗಿ ತೋರಿಸುತ್ತಿತ್ತು, ಅಲ್ಲಿಗೆ ಫಾಂಟಿನ ಮಾತು ಮುಗಿಯಿತು. ಸೇವ್ ಮಾಡುವಾಗ 'ಕಾಣದ ಅಕ್ಷರ' ಎಂದು ಗುಡಿಸುವ ಫಂಕ್ಷನ್ನೇ ಇದನ್ನೂ ಗುಡಿಸುತ್ತಿತ್ತು. ಸಿಂಹಳದಲ್ಲಿ ಶ್ರೀ ಬರೆಯಲು, ಬಂಗಾಳಿಯಲ್ಲಿ ರ‍್ಯಾ ಬರೆಯಲು ಅದೇ ಬೇಕು, ಕುಟುಂಬದ ಎಮೋಜಿಯೂ ಅದಿಲ್ಲದೆ ಬಿಡಿಬಿಡಿ ಮುಖಗಳಾಗುತ್ತದೆ ಎಂದು ತೋರಿಸಿದೆ. ಎಮೋಜಿ ನೋಡಿದ ದಿನವೇ ಉತ್ತರ ಬಂತು! ಇಷ್ಟು ಸರಿಯಾಗಿ ಹಿಡಿದು ಕೊಟ್ಟವರು ಅಲ್ಲಿ ಬೇರೆ ಯಾರೂ ಇರಲಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ನಡುವೆ ಕನ್ನಡ ವಿಕಿಪೀಡಿಯದ ಡಂಪ್ (ಎಲ್ಲ ಲೇಖನಗಳ ಒಟ್ಟು ಕಡತ) ಇಳಿಸಿ ಜನ ಹೇಗೆ ಬರೆಯುತ್ತಾರೆ ಎಂದೂ ಹುಡುಕಿದೆ. ರ‍್ಯಾ, ರ್ಯಾ ಎರಡೂ ಬಗೆ ಸಿಕ್ಕವು. ಒಂದು ವಾರ ಅದರಲ್ಲೇ ಹೋಯಿತು, ಪ್ಯಾಚ್‌ಗೆ ಬೇಕಿರಲಿಲ್ಲ, ಆದರೂ ಖುಷಿಯಾಯಿತು.

ಕೋಡ್ ಬರೆಯುವ ಮೊದಲು 'ಹೀಗೆ ತಿದ್ದಲೇ?' ಎಂದು ಕೇಳಿದೆ. ಪ್ಯಾಚ್ ಹತ್ತು ಸಾಲು, ಟೆಸ್ಟ್ ಅದರ ಮೂರರಷ್ಟು. ರಿವ್ಯೂನಲ್ಲಿ ಹೆಸರು ಬದಲಿಸಿ ಎಂದರೆ ಬದಲಿಸಿದೆ, ವಾದವಿಲ್ಲ. ಒಂದು ಕಡೆ ಮಾತ್ರ ಒಪ್ಪದೆ ಟೆಸ್ಟ್ ಓಡಿಸಿ ತೋರಿಸಿದೆ. ಉತ್ತರ ತಡವಾದರೆ ಎರಡು ವಾರ ಬಿಟ್ಟು ಒಂದೇ ಸಾಲು ಬರೆದೆ. ಆ ಸಾಲಿನಲ್ಲಿ ಏನಿರಬೇಕು ಎನ್ನುವುದು, ಟೆಸ್ಟಿಗೆ ಇಟ್ಟ ನನ್ನ ಪದಪಟ್ಟಿ, ಎರಡೂ ಸದ್ಯ ನನ್ನ ಹತ್ತಿರವೇ ಇರಲಿ.

ಈಗ ಭಾರತೀಯ ಲಿಪಿಗಳ ರಿಪೋರ್ಟ್ ಬಂದರೆ ಅವರೇ ನನ್ನನ್ನು ಕರೆಯುತ್ತಾರೆ. ನಿನ್ನೆ ಮಲಯಾಳಂ ಚಿಲ್ಲಕ್ಷರದ್ದೊಂದು (ಸ್ವರವಿಲ್ಲದ ವ್ಯಂಜನಕ್ಕಿರುವ ಬೇರೆ ರೂಪ) ಬಂದಿದೆ, ಬಿಲ್ಡ್ ಓಡುತ್ತಿದೆ.