ಮಣ್ಣಿನ ನಕ್ಕಾರೆ: ಬಾಯಂಚು ಕೆಟ್ಟರೆ ನಾದವೂ ಕೆಟ್ಟಿತು

ತುರ್ಕಿಯ ಜೋಡಿ ಡೋಲಾದ ನಕ್ಕಾರೆಗೂ ನಮ್ಮ ನಗಾರಿಗೂ ಮೂಲ ಒಂದೇ ಅರಬ್ಬಿ ಪದ. ಮೆಹ್ತೆರ್ ಸೈನಿಕ ಮೇಳದ ನಕ್ಕಾರೆಯೂ ಮೆವ್ಲೆವಿ ಸೂಫಿಗಳ ಇಂಥದ್ದೇ ಜೋಡಿ ಡೋಲಾದ ಕುದೂಮ್ ಕೂಡ ಸಾಮಾನ್ಯವಾಗಿ ತಾಮ್ರದವು. ನಾನು ಮಾಡುವುದು ಬಣ್ಣ ಬಳಿದ ಮಣ್ಣಿನ ಜೋಡಿ. ದೊಡ್ಡದು ‘ದುಮ್’, ಚಿಕ್ಕದು ‘ತೆಕ್’.

ನನ್ನ ಜೇಡಿಮಣ್ಣು ಒಣಗಿ ಬೇಯುವಷ್ಟರಲ್ಲಿ ನೂರಕ್ಕೆ ಹತ್ತರಷ್ಟು ಕುಗ್ಗುತ್ತದೆ. ಹಾಗಾಗಿ 22 ಮತ್ತು 18 ಸೆಂ.ಮೀ. ಬಾಯಿ ಬೇಕಿದ್ದರೆ ತಿಗರಿಯ ಮೇಲೆ 24.5 ಮತ್ತು 20ಕ್ಕೆ ಎತ್ತುತ್ತೇನೆ. ಗೋಡೆ 8 ಮಿ.ಮೀ. ಸಾಕು, ಅಂಚು ಮಾತ್ರ 12 ಇರಲೇಬೇಕು. ತಳದಲ್ಲಿ ಬೆರಳು ತೂರುವಷ್ಟು ತೂತು ಬಿಡುತ್ತೇನೆ. ಅದಿಲ್ಲದಿದ್ದರೆ ಒದ್ದೆ ಚರ್ಮದ ತೇವ ಒಳಗೇ ಉಳಿದು ಮುಗ್ಗಲು ಹಿಡಿಯುತ್ತದೆ.

ಮಣ್ಣು ಇನ್ನೂ ಹಸಿಯಿರುವಾಗಲೇ ಅಂಚನ್ನು ಒದ್ದೆ ಚರ್ಮದ ತುಂಡಿನಿಂದ ಉಜ್ಜಿ ಉರುಟು ಮಾಡಬೇಕು. ಚೂಪು ಉಳಿದರೆ ಬಿಗಿಯುವಾಗ ಚರ್ಮದ ಹೊದಿಕೆ ಅಲ್ಲೇ ಸೀಳುತ್ತದೆ. ಸುಟ್ಟ ಮೇಲೆ ಮಡಕೆಯನ್ನು ಸಮತಟ್ಟಾದ ಗಾಜಿನ ಮೇಲೆ ಬೋರಲು ಹಾಕಿ ನೋಡುತ್ತೇನೆ. ಅಲ್ಲಾಡಿದರೆ ಗಾಜಿನ ಮೇಲೆಯೇ ಉಪ್ಪುಕಾಗದ ಹರಡಿ, ಕೂರುವ ತನಕ ತಿಕ್ಕಿ, ಅಂಚನ್ನು ಮತ್ತೆ ಉರುಟು ಮಾಡುತ್ತೇನೆ. ಈ ಕೆಲಸ ತಪ್ಪಿಸಿದ ಜೋಡಿಯಲ್ಲಿ ಚರ್ಮ ಒಂದು ಕಡೆ ಸಡಿಲವಾಗಿ ‘ಜರ್ರ್’ ಎಂದದ್ದೇ ಹೆಚ್ಚು, ನಾದ ಬರಲಿಲ್ಲ.

ಬಣ್ಣ ಹೊದಿಕೆಗಿಂತ ಮೊದಲು. ಬಿಳಿ ನೆಲದ ಮೇಲೆ ತುರ್ಕಿಯ ಇಜ್ನಿಕ್ ಊರಿನ ಪಿಂಗಾಣಿಯ ನೀಲಿ, ಕೆಂಪು, ಟ್ಯೂಲಿಪ್ ಹೂ. ಅಕ್ರಿಲಿಕ್ ಆದರೆ ಎರಡು ಕೈ ವಾರ್ನಿಷ್ ಬೇಕೇ ಬೇಕು, ಇಲ್ಲದಿದ್ದರೆ ಒದ್ದೆ ಚರ್ಮ ತಾಗಿದಲ್ಲಿ ಬಣ್ಣ ಏಳುತ್ತದೆ. ಅಂಚಿಗೆ ಬಣ್ಣ ಹಚ್ಚುವುದಿಲ್ಲ.

ಮೇಕೆ ಚರ್ಮ ರಾತ್ರಿಯಿಡೀ ತಣ್ಣೀರಲ್ಲಿ ನೆನೆಯಲಿ. ದುಮ್‌ಗೆ ದಪ್ಪ, ತೆಕ್‌ಗೆ ತೆಳು. ಬಾಯಿಗಿಂತ ಸುತ್ತಲೂ 6 ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿ, 16 ಕಣ್ಣು ಕೊರೆದು, ಬಾರನ್ನು ತಳದ ಹಗ್ಗದ ಬಳೆಗೆ ಮೇಲೆ ಕೆಳಗೆ ಹೆಣೆಯುತ್ತೇನೆ. ಎಳೆಯುವುದು ಎದುರುಬದುರು ಕಣ್ಣುಗಳನ್ನು, ಒಂದೇ ಕಡೆಯಿಂದ ಸುತ್ತುತ್ತ ಹೋದರೆ ಹೊದಿಕೆ ಜಾರುತ್ತದೆ. ಒದ್ದೆಯಲ್ಲಿ ಪೂರ್ತಿ ಬಿಗಿಯಬಾರದು. ಒತ್ತಿದರೆ ಬೆರಳು ತುಸು ತಗ್ಗಬೇಕು. ಉಳಿದ ಬಿಗಿಯನ್ನು ಒಣಗುವ ಚರ್ಮವೇ ತರುತ್ತದೆ, ಅತಿಯಾದರೆ ಚರ್ಮ ಕಣ್ಣಿನಲ್ಲೇ ಹರಿಯುತ್ತದೆ.

ನೆರಳಲ್ಲಿ ಮೂರು ದಿನ. ಮಳೆಗಾಲದಲ್ಲಿ ಶ್ರುತಿ ಇಳಿದರೆ ಎಳೆಬಿಸಿಲು ಸಾಕು. ಬೆಂಕಿಯ ಹತ್ತಿರ ಹಿಡಿದರೆ ಮಣ್ಣು ಒಂದೇ ಪಕ್ಕ ಕಾದು ಬಿರುಕು ಬಿಡುತ್ತದೆ.