ನಾಗಮಂಗಲದ ಒಲವು ಯಾವ ಕಡೆ? ಬೂತ್ ಲೆಕ್ಕ ಹಿಡಿದು ನೋಡಿದ ನನ್ನ ಅನುಭವ

ಮಂಡ್ಯ ಜಿಲ್ಲೆ ಅಂದರೆ ಸಾಕು, "ದಳದ ಭದ್ರಕೋಟೆ" ಅಂತ ಬರೆದು ಮುಗಿಸುತ್ತಾರೆ. ಪತ್ರಿಕೆಗೆ ಊರಿನ ಸುದ್ದಿ ಕಳಿಸುವ ನನಗೆ ಆ ಮಾತು ಒಪ್ಪಿಗೆಯಾಗಿರಲಿಲ್ಲ. ನಾಗಮಂಗಲವನ್ನೇ ನೋಡಿ. 2008ರಲ್ಲಿ ಗೆದ್ದವರು ಕಾಂಗ್ರೆಸ್‌ನ ಸುರೇಶ್ ಗೌಡ. 2013ರಲ್ಲಿ ದಳದ ಚಲುವರಾಯಸ್ವಾಮಿ. 2018ರಲ್ಲಿ ದಳದಿಂದ ಸುರೇಶ್ ಗೌಡ, 2023ರಲ್ಲಿ ಕಾಂಗ್ರೆಸ್‌ನಿಂದ ಚಲುವರಾಯಸ್ವಾಮಿ. ಅದೇ ಇಬ್ಬರು, ಪಕ್ಷ ಮಾತ್ರ ಅದಲು ಬದಲು! ಹಾಗಾದರೆ ಮತದಾರ ಯಾರ ಕಡೆ? ಗೆದ್ದವರ ಪಟ್ಟಿಯಿಂದ ಇದು ತಿಳಿಯುವುದಿಲ್ಲ.

ನಾನು ಹಿಡಿದದ್ದು ಫಾರಂ 20. ಯಾವ ಬೂತ್‌ನಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತ ಅಂತ ಹೇಳುವ ಅಂತಿಮ ಫಲಿತಾಂಶದ ಹಾಳೆ ಅದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕಷ್ಟ ಶುರುವಾಗುವುದು ಆಮೇಲೆ. ಅದರಲ್ಲಿ ಇರುವುದು ಬೂತ್ ನಂಬರ್, ಊರಿನ ಹೆಸರಲ್ಲ. ಒಂದು ಚುನಾವಣೆಯಿಂದ ಇನ್ನೊಂದಕ್ಕೆ ನಂಬರ್ ಬದಲಾಗುತ್ತದೆ, ದೊಡ್ಡ ಊರಿನ ಬೂತ್ ಎರಡಾಗಿ ಒಡೆಯುತ್ತದೆ. ಅದಕ್ಕೆ ಪ್ರತಿ ಚುನಾವಣೆಯ ಮತಗಟ್ಟೆ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಬೂತ್ ಬಿಟ್ಟು ಊರಿನ ಲೆಕ್ಕದಲ್ಲಿ ಕೂಡಿಸಿದೆ. ಒಂದು ಊರಿಗೆ ಒಂದು ಸಾಲು, ಒಂದು ಚುನಾವಣೆಗೆ ಒಂದು ಅಂಕಣ. ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿಯೂ ಇದೇ ಕ್ಷೇತ್ರಕ್ಕೆ ಸೇರುತ್ತದೆ. ಅಲ್ಲಿನ ಜನರ ಓಡಾಟ, ವ್ಯವಹಾರ ಎಲ್ಲ ಬೇರೆ ಕಡೆಗೆ. ಹಾಗಾಗಿ ಅದನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದುಕೊಂಡೆ. ಅಂಚೆ ಮತ ಯಾವ ಊರಿನ ಲೆಕ್ಕಕ್ಕೂ ಬರುವುದಿಲ್ಲ. 2023ರಲ್ಲಿ ಎಂಬತ್ತು ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಸಿಕ್ಕಿತಲ್ಲ, ಆ ಮತಗಳೂ ಅದರಲ್ಲೇ ಸೇರಿದವು.

ಹೀಗೆ ಜೋಡಿಸಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಮತ ಎಷ್ಟು ಸರಾಗವಾಗಿ ಹೊರಳುತ್ತದೆ ಅನ್ನುವುದು. 2018ರಲ್ಲಿ ಸುರೇಶ್ ಗೌಡರು ಗೆದ್ದದ್ದು ಸುಮಾರು 47 ಸಾವಿರ ಮತಗಳಿಂದ. ಐದೇ ವರ್ಷಕ್ಕೆ ಅದೇ ಎದುರಾಳಿಗೆ ನಾಲ್ಕು ಸಾವಿರ ಚಿಲ್ಲರೆ ಅಂತರದಲ್ಲಿ ಸೋತರು. 2018ರಲ್ಲಿ ಇಲ್ಲಿನವರು ಶಾಸಕನಿಗಿಂತ ಹೆಚ್ಚಾಗಿ ಕುಮಾರಸ್ವಾಮಿ ಮುಖ್ಯಮಂತ್ರಿ ಆಗಲಿ ಅಂತ ಮತ ಹಾಕಿದರು ಅನ್ನುವುದು ನನ್ನ ಅಭಿಪ್ರಾಯ. ಜಿಲ್ಲೆಯ ಏಳಕ್ಕೆ ಏಳೂ ಸ್ಥಾನ ದಳಕ್ಕೆ ಹೋದದ್ದು ಅದಕ್ಕೇ. ಮರುವರ್ಷ ಲೋಕಸಭೆಗೆ ಅದೇ ಜಿಲ್ಲೆಯ ಜನ ಅವರ ಮಗ ನಿಖಿಲ್ ಅವರನ್ನು ಸೋಲಿಸಿ, ಪಕ್ಷೇತರರಾಗಿ ನಿಂತ ಸುಮಲತಾ ಅವರನ್ನು ಗೆಲ್ಲಿಸಿದರು. 2023ರಲ್ಲಿ ಏಳರಲ್ಲಿ ಐದು ಕಾಂಗ್ರೆಸ್‌ಗೆ ಕೊಟ್ಟರು. 2024ರಲ್ಲಿ ಬಿಜೆಪಿ ಜೊತೆ ಸೇರಿ ನಿಂತ ಕುಮಾರಸ್ವಾಮಿ ಅವರಿಗೆ ಎರಡೂ ಮುಕ್ಕಾಲು ಲಕ್ಷಕ್ಕಿಂತ ಜಾಸ್ತಿ ಅಂತರ! ಇದನ್ನು ಕೋಟೆ ಅನ್ನೋಕಾಗುತ್ತಾ?

ಅಂಕಿ ಕಾರಣ ಹೇಳುವುದಿಲ್ಲ, ಅದಕ್ಕೆ ಊರಿಗೇ ಹೋಗಬೇಕು. "ಯಾರಿಗೆ ಹಾಕಿದ್ರಿ ಅಣ್ಣಾ?" ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. "ಎಲ್ಲಾ ಮಿಕ್ಸ್ ಕಣಪ್ಪ" ಅಂತ ನಕ್ಕುಬಿಡುತ್ತಾರೆ. ಅದೇ "ನಿಮ್ಮೂರಲ್ಲಿ ಯಾರಿಗೆ ಲೀಡ್ ಬರಬಹುದು?" ಅಂತ ಕೇಳಿ. ಯಾವ ಬೀದಿ ಕೈ, ಯಾವ ಬೀದಿ ತೆನೆ, ಯಾರ ಮನೆಯವರು ಕಳೆದ ಸಲ ಮುನಿಸಿಕೊಂಡರು, ಎಲ್ಲ ಹೇಳುತ್ತಾರೆ. ತಮ್ಮ ಮತದ ಬಗ್ಗೆ ಮಾತ್ರ ಇಲ್ಲ. ಡೈರಿ ಮುಂದೆ ಬೆಳಗಿನ ಹಾಲು ಹಾಕುವ ಹೊತ್ತು ಇದಕ್ಕೆ ಒಳ್ಳೆಯದು. ಹೆಂಗಸರೂ ಸಿಗುತ್ತಾರೆ, ಅರಳಿಕಟ್ಟೆಯಲ್ಲಿ ಗಂಡಸರು ಮಾತ್ರ. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಮತ ಹಾಕಲು ಬರುತ್ತಾರಾ ಅಂತಲೂ ಕೇಳುತ್ತಿದ್ದೆ. ಅಂತರ ಕಡಿಮೆ ಇದ್ದಾಗ ಆ ಬಸ್ಸುಗಳೇ ಮುಖ್ಯ.

ಗ್ರಾಮ ಪಂಚಾಯಿತಿ ಫಲಿತಾಂಶವನ್ನು ನನ್ನ ಹಾಳೆಗೆ ಸೇರಿಸಲಿಲ್ಲ. ಅಲ್ಲಿ ಪಕ್ಷದ ಚಿಹ್ನೆಯೇ ಇಲ್ಲ, ಗೆದ್ದವರನ್ನು ಎರಡೂ ಕಡೆಯವರು "ನಮ್ಮವರು" ಅನ್ನುತ್ತಾರೆ. ಚಿಹ್ನೆ ಇರುವ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಆ ಅಂಕಣ 2016ಕ್ಕೇ ನಿಂತಿದೆ.

ಒಂದು ವಿಷಯದಲ್ಲಿ ಮಾತ್ರ ಬಿಗಿಯಾಗಿದ್ದೆ. ನಮ್ಮ ಊರುಗಳಲ್ಲಿ ಕೇರಿ ಅಂದರೆ ಹೆಚ್ಚೂಕಡಿಮೆ ಜಾತಿ. ಒಂದು ಬೂತ್‌ಗೆ ಒಂದೇ ಕೇರಿ ಸೇರಿದ್ದರೆ ಅವರ ಮತ ಬಯಲಾದಂತೆಯೇ. "ನಿಮ್ ಬೂತಲ್ಲಿ ನಮಗೆ ಮೈನಸ್" ಅಂತ ಮುಖಂಡರು ಚರಂಡಿ, ಕೊಳವೆಬಾವಿ ಕೇಳಲು ಬಂದವರ ಮುಂದೆ ಆಡುವುದನ್ನು ಕೇಳಿದ್ದೇನೆ. ಹಲವು ಬೂತ್‌ಗಳ ಮತವನ್ನು ಒಟ್ಟಿಗೆ ಎಣಿಸುವ ಟೋಟಲೈಸರ್ ಯಂತ್ರ ಬೇಕು ಅಂತ ಚುನಾವಣಾ ಆಯೋಗ 2008ರಲ್ಲೇ ಹೇಳಿತ್ತು, ಸರ್ಕಾರ ಒಪ್ಪಲಿಲ್ಲ. ಹಾಗಾಗಿ ಅಚ್ಚಿಗೆ ಕೊಡುವಾಗ ಹೋಬಳಿ ಮಟ್ಟದ ಅಂಕಿ ಮಾತ್ರ ಕೊಡುತ್ತೇನೆ. ಊರಿನ ಹಾಳೆ ಕೇಳಿಕೊಂಡು ಎರಡೂ ಪಕ್ಷದವರು ಬಂದಿದ್ದರು. ಟೀ ಕುಡಿಸಿ ಕಳಿಸಿದೆ.